ಓದುಗರ ಪ್ರಶ್ನೆಗಳಿಗೆ ಉತ್ತರ: ಇಟಲಿಯಲ್ಲಿ ಓದುವವರ ಶನಿವಾರ, ರವಿವಾರ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಇಟಲಿಯ ವಿಶ್ವವಿದ್ಯಾಲಯಗಳಿಗೆ ಓದಲು ಹೋದವರು ಮತ್ತು ಅವರ ತಂದೆ-ತಾಯಿಗಳು ಬರೆದ ಪತ್ರಗಳಲ್ಲಿ ರಜೆಯ ದಿನಗಳ ತಿರುಗಾಟಕ್ಕೂ ಊಟ-ತಿಂಡಿಗೂ ಸಂಬಂಧಿಸಿದವುಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ನಾನು ಬೊಲೋನ್ಯಾದಲ್ಲಿ ಓದಿ ಬಂದು ಈಗ ಧಾರವಾಡದಲ್ಲಿ ನೆಲೆಸಿರುವುದರಿಂದ ಆ ಊರಿನ ಸುತ್ತಮುತ್ತಲ ಮಾತು ಉತ್ತರಗಳಲ್ಲಿ ಸ್ವಲ್ಪ ಹೆಚ್ಚಾಗಿಯೇ ಬಂದಿದೆ.

ಪ್ರಶ್ನೆ: ನಾನು ಗದಗಿನವಳು, ಬೊಲೋನ್ಯಾದಲ್ಲಿ ಸ್ನಾತಕೋತ್ತರ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಜೊತೆಯವರು ಶುಕ್ರವಾರ ಸಂಜೆಯಾದರೆ ಸಾಕು, ಕಡಿಮೆ ದರದ ವಿಮಾನ ಹಿಡಿದು ಪ್ಯಾರಿಸ್, ಬಾರ್ಸಿಲೋನಾ, ಪ್ರಾಗ್ ಎಂದು ಹೊರಡುತ್ತಾರೆ. ನನಗೂ ಆಸೆಯಿದೆ, ಆದರೆ ಮನೆಯಿಂದ ಬರುವ ಹಣಕ್ಕೆ ಲೆಕ್ಕ ಕೊಡಬೇಕು. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಕಾಗದಪತ್ರಗಳನ್ನು ನೋಡಿಕೊಳ್ಳಿ. ಇಟಲಿಗೆ ಬಂದ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯ ಮೂಲಕ ವಾಸದ ಪರವಾನಗಿಗೆ, ಅಂದರೆ ಪೆರ್ಮೆಸ್ಸೊ ದಿ ಸೊಜ್ಜೊರ್ನೊಗೆ, ಅರ್ಜಿ ಹಾಕಿ ರಸೀದಿ ಪಡೆದಿರುತ್ತೀರಿ. ಕಾರ್ಡು ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಪಾಸ್‌ಪೋರ್ಟಿನಲ್ಲಿರುವ ವಿದ್ಯಾರ್ಥಿ ವೀಸಾ ಚಾಲ್ತಿಯಲ್ಲಿರುವವರೆಗೆ ನೀವು ಷೆಂಗೆನ್ ಒಪ್ಪಂದದ, ಅಂದರೆ ತಮ್ಮ ನಡುವಿನ ಗಡಿ ತಪಾಸಣೆಯನ್ನು ತೆಗೆದುಹಾಕಿದ ಯುರೋಪಿನ ದೇಶಗಳ ಒಪ್ಪಂದದ, ಉಳಿದ ದೇಶಗಳಿಗೆ ಯಾವುದೇ 180 ದಿನಗಳಲ್ಲಿ 90 ದಿನ ಮೀರದಂತೆ ಹೋಗಿಬರಬಹುದು. ಆದರೆ ವೀಸಾದ ಅವಧಿ ಮುಗಿದು, ಕಾರ್ಡು ಇನ್ನೂ ಬಾರದೆ ಬರೀ ರಸೀದಿ ಕೈಯಲ್ಲಿದ್ದಾಗ ಆ ದೇಶಗಳಿಗೆ ಹೋಗುವಂತಿಲ್ಲ. ವಿಮಾನದ ಟಿಕೇಟು ಕೊಂಡ ಮೇಲೆ ಇದನ್ನು ತಿಳಿದುಕೊಂಡರೆ ದುಡ್ಡು ಹೋದಂತೆಯೇ ಸರಿ.

ಇನ್ನು ಲೆಕ್ಕದ ಮಾತು. ವಿಮಾನದ ದರ ನೋಡಿದವರು ಚೀಲಕ್ಕೆ ಕೊಡುವ ಹಣ, ಊರಿನಿಂದ ದೂರವಿರುವ ನಿಲ್ದಾಣಕ್ಕೆ ಹೋಗಿಬರುವ ಬಸ್ಸು, ರಾತ್ರಿ ತಂಗಲು ಹಾಸ್ಟೆಲ್ಲಿನ ಮಂಚ ಇವನ್ನೆಲ್ಲ ಸೇರಿಸಿ ನೋಡುವುದೇ ಇಲ್ಲ. ನನ್ನ ಸ್ಪಷ್ಟ ಅಭಿಪ್ರಾಯವೆಂದರೆ ಮೊದಲ ಆರು ತಿಂಗಳು ವಿಮಾನದ ಗೊಡವೆಗೇ ಹೋಗಬೇಡಿ, ನಿಮ್ಮ ಊರಿನಿಂದ ಹೊರಡುವ ಪ್ರಾದೇಶಿಕ ರೈಲುಗಳನ್ನು ಹಿಡಿಯಿರಿ. ಬೊಲೋನ್ಯಾ ಉತ್ತರ ಇಟಲಿಯ ದೊಡ್ಡ ರೈಲು ಜಂಕ್ಷನ್. ಮೊಡೆನಾ ಮತ್ತು ಫೆರಾರಾ ಅಲ್ಲಿಂದ ಅರ್ಧ-ಮುಕ್ಕಾಲು ಗಂಟೆಯ ದಾರಿ, ಪಾರ್ಮಾ ಸುಮಾರು ಒಂದು ಗಂಟೆ, ರಾವೆನ್ನಾ ಅದಕ್ಕಿಂತ ಸ್ವಲ್ಪ ಹೆಚ್ಚು. ಬೆಳಿಗ್ಗೆ ಹೋಗಿ ರಾತ್ರಿ ನಿಮ್ಮ ಕೋಣೆಗೇ ಮರಳಬಹುದಾದ್ದರಿಂದ ತಂಗುವ ಖರ್ಚಿಲ್ಲ. ಪ್ರಾದೇಶಿಕ ರೈಲಿನ ದರ ದೂರಕ್ಕೆ ತಕ್ಕಂತೆ ನಿಗದಿಯಾಗಿರುವುದರಿಂದ ಹೊರಡುವ ಹೊತ್ತಿಗೆ ಟಿಕೇಟು ಕೊಂಡರೂ ಹೆಚ್ಚು ತೆರಬೇಕಾಗಿಲ್ಲ.

ಈ ಊರುಗಳಲ್ಲಿ ಮೊದಲು ರಾವೆನ್ನಾಕ್ಕೆ ಹೋಗಿ. ರೋಮನ್ ರಾಣಿ ಗಾಲ್ಲಾ ಪ್ಲಾಚಿದಿಯಾಳ ಹೆಸರಿನ 5ನೇ ಶತಮಾನದ ಸಮಾಧಿ ಮಂದಿರ ಹೊರಗಿನಿಂದ ಇಟ್ಟಿಗೆಯ ಸಾದಾ ಕಟ್ಟಡ. ಒಳಗೆ ಕಾಲಿಟ್ಟಾಗ ಮೊದಲು ಏನೂ ಕಾಣುವುದಿಲ್ಲ, ಏಕೆಂದರೆ ಸಣ್ಣ ಕಿಟಕಿಗಳಿಗೆ ಕೂಡಿಸಿರುವ ಅಲಬಾಸ್ಟರ್ ಕಲ್ಲಿನ ತೆಳು ಹಾಳೆಗಳಿಂದ ಜೇನಿನ ಬಣ್ಣದ ಮಂದ ಬೆಳಕು ಮಾತ್ರ ಬರುತ್ತದೆ. ಕಣ್ಣು ಅದಕ್ಕೆ ಒಗ್ಗಿದ ಮೇಲೆ ತಲೆಯ ಮೇಲೆ ಕಡುನೀಲಿ ಚಾವಣಿಯೂ ಅದರ ತುಂಬ ಬಂಗಾರದ ನಕ್ಷತ್ರಗಳೂ ಕಾಣಿಸುತ್ತವೆ, ಎಲ್ಲವೂ ಬೆರಳ ತುದಿಯಷ್ಟು ಚಿಕ್ಕ ಗಾಜಿನ ತುಣುಕುಗಳನ್ನು ಜೋಡಿಸಿ ಮಾಡಿದ್ದು. ಲಕ್ಕುಂಡಿಯ ಗುಡಿಗಳನ್ನು ನೋಡುತ್ತ ಬೆಳೆದವರಿಗೆ ಕಂಬವೊಂದರ ಮುಂದೆ ಸಾವಕಾಶವಾಗಿ ನಿಲ್ಲುವ ರೂಢಿಯಿರುತ್ತದೆ, ಅದನ್ನು ಇಲ್ಲಿಯೂ ಬಿಡಬೇಡಿ. 1321ರಲ್ಲಿ ತೀರಿಕೊಂಡ ಕವಿ ಡಾಂಟೆಯ ಸಮಾಧಿಯೂ ಇದೇ ಊರಿನಲ್ಲಿದೆ.

ಮೊಡೆನಾದಲ್ಲಿ 1931ರಲ್ಲಿ ತೆರೆದ ಅಲ್ಬಿನೆಲ್ಲಿ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋಗಬೇಕು. ಆ ಊರಿನ ಸಾಂಪ್ರದಾಯಿಕ ಬಾಲ್ಸಾಮಿಕೊ ವಿನೆಗರ್ ದ್ರಾಕ್ಷಿಯ ರಸವನ್ನು ಕುದಿಸಿ, ಒಂದಕ್ಕಿಂತ ಒಂದು ಚಿಕ್ಕದಾದ ಮರದ ಪೀಪಾಯಿಗಳ ಸಾಲಿನಲ್ಲಿ ಕನಿಷ್ಠ 12 ವರ್ಷ ಇಟ್ಟು ಮಾಡಿದ್ದು; ದೊಡ್ಡ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಬಾಟಲಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಹನಿಯ ರುಚಿ ನೋಡಲು ಸಿಕ್ಕರೆ ಬಿಡಬೇಡಿ. ಪ್ಯಾರಿಸ್ಸನ್ನು ಈಸ್ಟರ್ ರಜೆಗೋ ಪರೀಕ್ಷೆ ಮುಗಿದ ಮೇಲಿನ ಬಿಡುವಿಗೋ ಇಟ್ಟುಕೊಳ್ಳಿ. ನಾಲ್ಕೈದು ದಿನವಾದರೂ ಕೊಡದೆ ಆ ಊರನ್ನು ನೋಡಿದಂತಾಗುವುದಿಲ್ಲ.

ಪ್ರಶ್ನೆ: ನನ್ನ ಮಗಳು ಬರುವ ಸೆಪ್ಟೆಂಬರಿನಲ್ಲಿ ಪಾದೋವಾಕ್ಕೆ ಓದಲು ಹೊರಟಿದ್ದಾಳೆ. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಊರೂರು ತಿರುಗುವಾಗ ಅವಳು ಏನು ತಿನ್ನಬೇಕು? ಇಲ್ಲಿಂದ ಏನೇನು ಕಟ್ಟಿ ಕಳಿಸಲಿ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸಬೇಕು. ನಿಮ್ಮ ಮಗಳು ಉಪವಾಸ ಬೀಳುವುದಿಲ್ಲವೆಂಬ ಭರವಸೆಯನ್ನು ಮೊದಲೇ ಕೊಡುತ್ತೇನೆ. ಆದರೆ ನೋಡಲು ಶಾಕಾಹಾರದಂತೆಯೇ ಕಾಣುವ ಹಲವು ಪದಾರ್ಥಗಳಲ್ಲಿ ಅವಳಿಗೆ ಸಲ್ಲದ್ದು ಸೇರಿರುತ್ತದೆ, ಮತ್ತು ಬಡಿಸುವವರು ಕೇಳದೆ ಅದನ್ನು ಹೇಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಚೀಸು. ಪಾರ್ಮಿಜಾನೊ ರೆಜ್ಜಾನೊ ಮತ್ತು ಗ್ರಾನಾ ಪದಾನೊ ಚೀಸುಗಳಿಗೆ ಹಾಲನ್ನು ಗಟ್ಟಿಗೊಳಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪಾರ್ಮಿಜಾನೊ ವಿಷಯದಲ್ಲಿ ಅದು ನಿಯಮವೇ ಆಗಿರುವುದರಿಂದ ಸಸ್ಯಜನ್ಯ ರೆನೆಟ್‌ನಿಂದ ಮಾಡಿದ ಚೀಸಿಗೆ ಆ ಹೆಸರನ್ನೇ ಇಡುವಂತಿಲ್ಲ. ಜಿನೋವಾದವರು ಬೇಸಿಲ್ ಸೊಪ್ಪಿನಿಂದ ಮಾಡುವ ಪೆಸ್ತೊ ಎಂಬ ಚಟ್ನಿಯಲ್ಲೂ ಈ ಚೀಸು ಇರುತ್ತದೆ. ಇದನ್ನು ಒಪ್ಪುವುದೋ ಬಿಡುವುದೋ ಎಂಬುದನ್ನು ಮಗಳು ತಾನೇ ತೀರ್ಮಾನಿಸಲಿ, ಆದರೆ ತಿಳಿದು ತೀರ್ಮಾನಿಸಲಿ. ಎರಡನೆಯದು ಮೊಟ್ಟೆ. ತಾಗ್ಲಿಯಾತೆಲ್ಲೆ, ತೊರ್ತೆಲ್ಲಿನಿಯಂತಹ ಹಸಿ ಪಾಸ್ತಾಗಳ ಹಿಟ್ಟನ್ನು ಮೊಟ್ಟೆಯಲ್ಲಿ ಕಲಸುತ್ತಾರೆ. ತೊರ್ತೆಲ್ಲಿನಿಯ ಹೂರಣದಲ್ಲಿ ಹಂದಿ ಮಾಂಸವೂ ಇರುತ್ತದೆ. ಒಣ ಪಾಸ್ತಾ ಸಾಮಾನ್ಯವಾಗಿ ಡ್ಯೂರಮ್ ಗೋಧಿಯ ರವೆ ಮತ್ತು ನೀರಿನಿಂದ ಮಾಡಿದ್ದಾಗಿರುತ್ತದೆ, ಪೊಟ್ಟಣದ ಮೇಲೆ ಅದನ್ನು ಓದಿಕೊಂಡರಾಯಿತು. ಮೂರನೆಯದಾಗಿ, ರಿಸೊತ್ತೊ ಎಂಬ ಅನ್ನವನ್ನು ಬಹಳ ಕಡೆ ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ. ರೊಮಾನ್ಯಾ ಕಡೆಯ ಪಿಯಾದಿನಾ ರೊಟ್ಟಿಯ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುವುದು ಹಳೆಯ ಪದ್ಧತಿ, ಎಣ್ಣೆ ಹಾಕಿ ಮಾಡಿದ್ದೂ ಈಗ ಸಿಗುತ್ತದೆ. ಸೊಪ್ಪಿನ ಕೆಲವು ಪಾಸ್ತಾಗಳಲ್ಲಿ ಅಂಚೋವಿ ಮೀನು ಕರಗಿಹೋಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. "ನೋನ್ ಮಾಂಜೊ ನೆ ಕಾರ್ನೆ ನೆ ಪೆಶ್ಶೆ", ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂಬ ಮಾತನ್ನು ಹೊರಡುವ ಮೊದಲೇ ಬಾಯಿಪಾಠ ಮಾಡಿಸಿ. ಬರೀ ವೆಜಿಟೇರಿಯನ್ ಎಂದರೆ ಸಾರು, ಕೊಬ್ಬು, ಮೀನುಗಳ ಕಡೆ ಎಲ್ಲರ ಗಮನ ಹೋಗುವುದಿಲ್ಲ.

ಇನ್ನು ತಿನ್ನುವುದರ ಮಾತು. ಇಟಲಿಯ ಹಳ್ಳಿಗಾಡಿನಲ್ಲಿ ಮಾಂಸ ಎಂದಾದರೊಮ್ಮೆ ಬರುವ ಹಬ್ಬದ ಅಡುಗೆಯಾಗಿತ್ತು. ದಿನನಿತ್ಯದ ಊಟ ಕಾಳು, ಸೊಪ್ಪು, ಒಣಗಿದ ಬ್ರೆಡ್ಡು ಮತ್ತು ಆಲಿವ್ ಎಣ್ಣೆಯ ಮೇಲೆ ನಡೆಯುತ್ತಿತ್ತು. ಆ ಅಡುಗೆಯೇ ನಿಮ್ಮ ಮಗಳ ಆಸರೆ, ಮತ್ತು ದೊಡ್ಡ ಹೋಟೆಲುಗಳಲ್ಲಿ ಸಿಗುವುದಕ್ಕಿಂತ ಅದು ರುಚಿಯೂ ಹೌದು. ಕಡಲತೀರದ ಲಿಗೂರಿಯಾಕ್ಕೆ ಹೋದರೆ ಜಿನೋವಾದ ಹಳೆಯ ಓಣಿಗಳಲ್ಲಿ ಫಾರಿನಾತಾ ಮಾಡುವ ಸಣ್ಣ ಅಂಗಡಿಗಳಿವೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಇಷ್ಟೇ ಅದರ ಸಾಮಾನು. ಹಿಟ್ಟನ್ನು ತೆಳ್ಳಗೆ ಕಲಸಿ ಕೆಲವು ಗಂಟೆ ನೆನೆಯಲು ಬಿಟ್ಟು, ಮೇಲೆ ಬಂದ ನೊರೆಯನ್ನು ತೆಗೆದು, ಗಾಡಿಯ ಗಾಲಿಯಷ್ಟು ಅಗಲದ ತಾಮ್ರದ ಪರಾತದಲ್ಲಿ ಎಣ್ಣೆಯ ಮೇಲೆ ಹುಯ್ದು, ಕಟ್ಟಿಗೆಯ ಒಲೆಯೊಳಗೆ ತಳ್ಳುತ್ತಾರೆ. ಮೇಲ್ಭಾಗ ಕೆಂಪಗೆ ಗರಿಗರಿಯಾಗಿ, ಒಳಗೆ ಮೆತ್ತಗಿರುವಾಗಲೇ ಹೊರತೆಗೆದು, ಕೊಯ್ದು, ಕಾಳುಮೆಣಸಿನ ಪುಡಿ ಉದುರಿಸಿ ಬಿಸಿಬಿಸಿಯಾಗಿ ಕೊಡುತ್ತಾರೆ. ಮನೆಯಲ್ಲಿ ಝುಣಕದ ವಡಿ ತಿಂದು ಬೆಳೆದ ಹುಡುಗಿಗೆ ಇದರ ಪರಿಮಳ ಹೊಸದೆನಿಸುವುದಿಲ್ಲ. ತಸ್ಕಾನಿಯ ಕಡಲತೀರದಲ್ಲೂ ಇದನ್ನೇ ಬೇರೆ ಹೆಸರಿನಿಂದ ಮಾರುತ್ತಾರೆ. ಸಿಸಿಲಿಯ ಪಾಲೆರ್ಮೊದಲ್ಲಿ ಕಡಲೆಹಿಟ್ಟನ್ನು ಕುದಿಸಿ, ಆರಿಸಿ, ಕೊಯ್ದು, ಎಣ್ಣೆಯಲ್ಲಿ ಕರಿದು ಬ್ರೆಡ್ಡಿನ ನಡುವೆ ಇಟ್ಟು ಪಾನೆಲ್ಲೆ ಎಂದು ಕೊಡುತ್ತಾರೆ.

ಪಿಜ್ಜಾದ ಅಂಗಡಿಯಲ್ಲಿ ಮರಿನಾರಾ ಕೇಳಲಿ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಇಷ್ಟೇ, ಚೀಸು ಇಲ್ಲವೇ ಇಲ್ಲ. ತಸ್ಕಾನಿಯ ರಿಬೊಲ್ಲಿತಾ ಕಾಳು, ಕರಿಯ ಎಲೆಕೋಸಿನ ಸೊಪ್ಪು ಮತ್ತು ಒಣ ಬ್ರೆಡ್ಡನ್ನು ಕೂಡಿಸಿ ಕುದಿಸಿದ ದಪ್ಪನೆಯ ಸಾರು. ಅವಳು ಇರಲಿರುವ ಪಾದೋವಾದ ಸುತ್ತಿನ ವೆನೆತೊ ಪ್ರದೇಶದಲ್ಲಿ ಗೋವಿನಜೋಳದ ಹಿಟ್ಟಿನ ಪೊಲೆಂತಾ ಮನೆಮನೆಯ ಅಡುಗೆ, ಅದನ್ನು ಅಣಬೆಯ ಪಲ್ಯದ ಜೊತೆಗೆ ಕೇಳಬಹುದು. ಐಸ್‌ಕ್ರೀಮಿನಂತಹ ಹಣ್ಣಿನ ಸೊರ್ಬೆತ್ತೊದಲ್ಲಿ ಸಾಮಾನ್ಯವಾಗಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಕ್ರೇಮಾ ಎಂಬ ಜೆಲಾತೊದಲ್ಲಿ, ಅಂದರೆ ಅಲ್ಲಿನ ಐಸ್‌ಕ್ರೀಮಿನಲ್ಲಿ, ಮೊಟ್ಟೆಯ ಹಳದಿ ಇರುತ್ತದೆ.

ಕಟ್ಟಿ ಕಳಿಸುವುದಾದರೆ ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿಗಳನ್ನು ಗಾಳಿಯಾಡದಂತೆ ಕಟ್ಟಿ ಕಳಿಸಿ. ಖಡಕ್ ಜೋಳದ ರೊಟ್ಟಿಯನ್ನು ಡಬ್ಬಿಯಲ್ಲಿ ಹಾಕದಿದ್ದರೆ ಪುಡಿಯಾಗುತ್ತದೆ. ತುಪ್ಪ, ಧಾರವಾಡದ ಪೇಡೆ, ಖೋವಾದ ಸಿಹಿಗಳನ್ನು ಮಾತ್ರ ಇಡಬೇಡಿ: ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲು ಮತ್ತು ಮಾಂಸದ ಪದಾರ್ಥಗಳನ್ನು ತರುವುದಕ್ಕೆ ನಿರ್ಬಂಧವಿದೆ, ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ. ಬೇಳೆ, ಅಕ್ಕಿ, ಮಸಾಲೆಗಳು ಅಲ್ಲಿನ ಏಷ್ಯಾ ಅಂಗಡಿಗಳಲ್ಲಿ ಸಿಗುವುದರಿಂದ ಆ ಭಾರ ಹೊರಿಸಬೇಡಿ.

ಪ್ರಶ್ನೆ: ಟಿಕೇಟು ಕೊಂಡು ರೈಲು ಹತ್ತಿದ್ದರೂ ನನಗೆ ದಂಡ ಹಾಕಿದರು. ಇದು ಯಾವ ನ್ಯಾಯ? (ರಾಣೆಬೆನ್ನೂರಿನವರು, ಈಗ ತೊರಿನೊದಲ್ಲಿ)

ಉತ್ತರ: ನಿಮ್ಮದು ಪ್ರಾದೇಶಿಕ ರೈಲಿನ ಕಾಗದದ ಟಿಕೇಟಾಗಿದ್ದು, ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಚಿಕ್ಕ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸದೆ ಹೋದದ್ದೇ ಕಾರಣವಿರಬೇಕು. ಮುದ್ರೆ ಬಿದ್ದ ಕ್ಷಣದಿಂದ ಅದು 4 ಗಂಟೆ ನಡೆಯುತ್ತದೆ. ಮುದ್ರೆಯಿಲ್ಲದಿದ್ದರೆ ಅದೇ ಟಿಕೇಟನ್ನು ಮತ್ತೊಮ್ಮೆ ಬಳಸಬಹುದೆಂಬ ಕಾರಣಕ್ಕೆ ಈ ನಿಯಮವಿದೆ. ಮೊಬೈಲಿನಲ್ಲಿ ಕೊಂಡ ಪ್ರಾದೇಶಿಕ ಟಿಕೇಟಿನ ನಿಯಮವನ್ನು ಕೊಳ್ಳುವಾಗಲೇ ಓದಿಕೊಳ್ಳಿ. ಆಸನದ ಸಂಖ್ಯೆಯಿರುವ ವೇಗದ ರೈಲುಗಳಿಗೆ ಇದಾವುದೂ ಬೇಕಾಗಿಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಇದನ್ನು ಯಾರೂ ಮುಂಚಿತವಾಗಿ ಹೇಳದಿರುವುದು ಬೇಸರದ ಸಂಗತಿಯೇ. ಇದರ ಜೊತೆಗೆ ಮುಷ್ಕರದ ಸುದ್ದಿಯನ್ನೂ ನೋಡಿಕೊಳ್ಳುತ್ತಿರಿ. ಮುಷ್ಕರವನ್ನು ಮೊದಲೇ ಪ್ರಕಟಿಸುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಈ ವೇಳೆಯಲ್ಲಿ ನಿಗದಿತ ಪ್ರಾದೇಶಿಕ ರೈಲುಗಳು ಓಡುತ್ತವೆ.

ಪ್ರಶ್ನೆ: ಕುಳಿತು ಕಾಫಿ ಕುಡಿದರೆ ಒಂದು ದರ, ನಿಂತು ಕುಡಿದರೆ ಇನ್ನೊಂದು. ಊಟದ ಬಿಲ್ಲಿನಲ್ಲಿ ನಾನು ಹೇಳದೇ ಇದ್ದದ್ದಕ್ಕೂ ಹಣ ಹಾಕಿದ್ದರು. ಮೋಸ ಹೋದೆನೇ? (ಸಪ್ತಾಪುರ, ಧಾರವಾಡ)

ಉತ್ತರ: ಹೆಚ್ಚಾಗಿ ಇಲ್ಲ. ಮೇಜಿಗೆ ತಂದುಕೊಡುವ ಸೇವೆಗೆ ಬೇರೆ ದರವಿರುವುದು ಅಲ್ಲಿನ ವಾಡಿಕೆ, ದರಪಟ್ಟಿಯನ್ನು ಗೋಡೆಯ ಮೇಲೆ ಹಾಕಿರುತ್ತಾರೆ. ಬಿಲ್ಲಿನಲ್ಲಿ ಕೋಪೆರ್ತೊ ಎಂದಿದ್ದರೆ ಅದು ತಲೆಗೆ ಒಂದರಿಂದ ಮೂರು ಯೂರೊದಷ್ಟು ಇರುವ ಮೇಜಿನ ಶುಲ್ಕ. ಅದನ್ನು ಮೆನುವಿನಲ್ಲಿ ಬರೆದಿರಬೇಕು, ಬರೆದಿರದಿದ್ದರೆ ಮಾತ್ರ ಕೇಳಿ. ಮೇಜಿಗೆ ಬಂದ ನೀರಿನ ಬಾಟಲಿಗೂ ಹಣವಿದೆ. ಊರ ಕಾರಂಜಿಗಳ ನಲ್ಲಿಯಲ್ಲಿ ಕುಡಿಯುವ ನೀರು ಸಿಗುವುದರಿಂದ ಚೀಲದಲ್ಲಿ ಬಾಟಲಿ ಇರಲಿ.

ಪ್ರಶ್ನೆ: ನಾನು ಬ್ಯಾಡಗಿಯವನು, ಮಿಲಾನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎಲ್ಲವನ್ನೂ ತಿನ್ನುತ್ತೇನೆ, ಆದರೆ ಖಾರವಿಲ್ಲದೆ ನಾಲಿಗೆ ಸತ್ತಂತಾಗಿದೆ. ಇಟಲಿಯಲ್ಲಿ ಖಾರ ತಿನ್ನುವ ಊರೇ ಇಲ್ಲವೇ?

ಉತ್ತರ: ಇದೆ, ಆದರೆ ಅದು ದಕ್ಷಿಣದ ತುತ್ತತುದಿಯ ಕಲಾಬ್ರಿಯಾ. ಅಲ್ಲಿನ ದಿಯಾಮಾಂತೆ ಎಂಬ ಕಡಲೂರಿನಲ್ಲಿ ಸೆಪ್ಟೆಂಬರಿನಲ್ಲಿ ಮೆಣಸಿನಕಾಯಿಯ ಹಬ್ಬವೇ ನಡೆಯುತ್ತದೆ. ಬ್ರೆಡ್ಡಿಗೆ ಬಳಿದು ತಿನ್ನುವ ಎಂದೂಯಾ ಎಂಬ ಕೆಂಪು ಪದಾರ್ಥ ಹಂದಿ ಮಾಂಸ ಮತ್ತು ಕೊಬ್ಬಿಗೆ ಧಾರಾಳವಾಗಿ ಮೆಣಸಿನಪುಡಿ ಬೆರೆಸಿದ್ದು. ಖಾರ ನಿಜಕ್ಕೂ ನೆತ್ತಿಗೇರುತ್ತದೆ. ಮಿಲಾನಿನಿಂದ ಎರಡು ದಿನದಲ್ಲಿ ಅಲ್ಲಿಗೆ ಹೋಗಿಬರುವುದು ದೇಹಕ್ಕೆ ಶಿಕ್ಷೆ, ಆದ್ದರಿಂದ ದೊಡ್ಡ ರಜೆಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿದ ಅರಬ್ಬಿಯಾತಾ ಪಾಸ್ತಾವನ್ನು ಕೋಣೆಯಲ್ಲೇ ಮಾಡಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚೆಂಬುದು ನಿಮಗೆ ಗೊತ್ತಿರುವುದೇ, ಅದಕ್ಕೆ ಗುಂಟೂರಿನದನ್ನು ಸ್ವಲ್ಪ ಬೆರೆಸಿ.

ಹತ್ತಿರದಲ್ಲೇ ರುಚಿಯ ಹುಡುಕಾಟ ಬೇಕಿದ್ದರೆ ಸುಗ್ಗಿಯ ಕಾಲದಲ್ಲಿ ಸಾಗ್ರಾಗಳಿಗೆ ಹೋಗಿ. ಒಂದೊಂದು ಹಳ್ಳಿಯವರು ತಮ್ಮಲ್ಲಿ ಬೆಳೆಯುವ ಕುಂಬಳಕಾಯಿ, ಅಣಬೆ, ಚೆಸ್ಟ್‌ನಟ್ ಯಾವುದಾದರೊಂದರ ಹೆಸರಿನಲ್ಲಿ ನಡೆಸುವ ಊಟದ ಜಾತ್ರೆಗಳಿವು. ಊರಿನವರೇ ಅಡುಗೆ ಮಾಡಿ, ಉದ್ದನೆಯ ಮೇಜುಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಬಡಿಸುತ್ತಾರೆ. ಅಕ್ಟೋಬರ್ ತಿಂಗಳಿನಲ್ಲಿ ಇವು ಹೆಚ್ಚು. ಸುದ್ದಿ ಊರ ಗೋಡೆಗಳ ಮೇಲಿನ ಭಿತ್ತಿಪತ್ರಗಳಲ್ಲಿ ಸಿಗುತ್ತದೆ. ಹಳ್ಳಿಗಳ ಬಸ್ಸುಗಳಿಗೆ ರವಿವಾರ ಬೇರೆಯೇ ವೇಳಾಪಟ್ಟಿಯಿದ್ದು ಕೆಲವು ಓಡುವುದೇ ಇಲ್ಲವಾದ್ದರಿಂದ, ಮರಳುವ ಕೊನೆಯ ಬಸ್ಸಿನ ಸಮಯವನ್ನು ಇಳಿದ ಕೂಡಲೇ ನಿಲ್ದಾಣದ ಫಲಕದಲ್ಲಿ ನೋಡಿಕೊಂಡು ಊಟಕ್ಕೆ ಕೂರಿ.