ಅಂಗಡಿಯ ರೂಟರಿನಲ್ಲಿ 3389 ಪೋರ್ಟ್ ತೆರೆದಿದೆ, ಮುಚ್ಚಬೇಕೇ?

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಅಡಿಕೆ ವ್ಯಾಪಾರದ ಅಂಗಡಿ. ಸಿಸಿಟಿವಿ ಹಾಕಿದವರು ಮೊಬೈಲಿನಲ್ಲಿ ನೋಡಲೆಂದು ರೂಟರಿನಲ್ಲಿ 80, 554 ಪೋರ್ಟುಗಳನ್ನು ತೆರೆದಿದ್ದಾರೆ. ಲೆಕ್ಕ ಬರೆಯುವವರು ಮಂಗಳೂರಿನಲ್ಲೇ ಕೂತು ಬಿಲ್ಲಿಂಗ್ ಕಂಪ್ಯೂಟರ್ ಬಳಸಲು 3389 ಕೂಡ ತೆರೆದಿದೆ. ಅಪಾಯ ಉಂಟೇ? ಮುಚ್ಚಿದರೆ ಜಿಎಸ್‌ಟಿ ಪೋರ್ಟಲ್, ಇಮೇಲ್ ನಿಂತುಹೋಗುವುದಿಲ್ಲವೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: 3389ನ್ನು ಇವತ್ತೇ ಮುಚ್ಚಿಸಿ. ಉಳಿದದ್ದು ಆಮೇಲೆ.

ಪೋರ್ಟ್ ಎಂದರೆ ಇಂಟರ್ನೆಟ್ ಸಂಪರ್ಕಕ್ಕಿರುವ, ನಂಬರ್ ಹಾಕಿದ ಬಾಗಿಲು ಎನ್ನಿ. 3389 ಎಂದರೆ ದೂರದಿಂದ ಕಂಪ್ಯೂಟರ್ ನಡೆಸಲು ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಬಳಸುವ ಪೋರ್ಟ್. ಅದು ಎಲ್ಲಿ ತೆರೆದಿದೆ ಎಂದು ಹುಡುಕಿ, ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಿ ನೋಡುವ ಪ್ರೋಗ್ರಾಮುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಸಣ್ಣ ಅಂಗಡಿ, ನಮ್ಮನ್ನು ಯಾರು ಹುಡುಕುತ್ತಾರೆ ಎಂದುಕೊಳ್ಳಬೇಡಿ. ಅವಕ್ಕೆ ಕಾಣುವುದು ಐಪಿ ವಿಳಾಸ ಮಾತ್ರ. ಒಳಹೊಕ್ಕವರು ಲೆಕ್ಕದ ಫೈಲುಗಳನ್ನೆಲ್ಲ ಲಾಕ್ ಮಾಡಿ ಹಣ ಕೇಳುತ್ತಾರೆ. 3389ರ ಬದಲು ಬೇರೆ ನಂಬರ್ ಇಟ್ಟರೆ ಸಾಕು ಎನ್ನುವವರಿದ್ದಾರೆ, ಸಾಲದು. ಪೋರ್ಟ್ ಸಂಖ್ಯೆ 65,535ಕ್ಕೆ ಮುಗಿಯುತ್ತದೆ, ಅಷ್ಟನ್ನೂ ತಟ್ಟಿ ನೋಡುವುದು ಯಂತ್ರಕ್ಕೆ ದೊಡ್ಡ ಕೆಲಸವಲ್ಲ.

ಜಿಎಸ್‌ಟಿ ಪೋರ್ಟಲ್ ನಿಲ್ಲುವುದಿಲ್ಲ. ಅದನ್ನು ತೆರೆದಾಗ ನಿಮ್ಮ ಬ್ರೌಸರ್ ಅವರ ಸರ್ವರಿನ 443ಕ್ಕೆ ಹೋಗುತ್ತದೆ, ಸುರಕ್ಷಿತ ವೆಬ್ ಸಂಪರ್ಕವಾದ ಎಚ್‌ಟಿಟಿಪಿಎಸ್ ಇರುವುದು ಅಲ್ಲಿ. ಇಮೇಲ್ ಕಳಿಸಲು 587 ಅಥವಾ 465, ಐಮ್ಯಾಪ್ ಮೂಲಕ ತರಿಸಲು 993, ಹೆಸರು ಕೊಟ್ಟು ವಿಳಾಸ ಕೇಳುವ ಡಿಎನ್‌ಎಸ್‌ಗೆ 53. ಇವೆಲ್ಲ ಆ ಕಡೆಯ ಪೋರ್ಟುಗಳು. ನೀವಾಗಿ ಕೇಳಿದ್ದಕ್ಕೆ ಬರುವ ಉತ್ತರವನ್ನು ರೂಟರ್ ಗುರುತಿಟ್ಟುಕೊಂಡು ಒಳಗೆ ಬಿಡುತ್ತದೆ. ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೀಗೆ ರೂಟರಿನಲ್ಲಿ ಪೋರ್ಟ್ ತೆರೆದಿಡುವುದು, ಬೇಕಾಗುವುದು ಹೊರಗಿನವರು ತಾವಾಗಿ ಒಳಬರಬೇಕಾದಾಗ ಮಾತ್ರ. ಇಷ್ಟನ್ನು ವಿವರಿಸದೆ ಪೋರ್ಟ್ ತೆರೆದು ಹೋಗುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಕ್ಯಾಮೆರಾದ್ದೂ ಮುಚ್ಚಬೇಕು. 554ರಲ್ಲಿ ಆರ್‌ಟಿಎಸ್‌ಪಿ ಎಂಬ ವಿಡಿಯೊ ಪ್ರೋಟೊಕಾಲ್ ಇದೆ. 80 ಎಂದರೆ ಎನ್‌ಕ್ರಿಪ್ಷನ್ ಇಲ್ಲದ ಎಚ್‌ಟಿಟಿಪಿ, ಕ್ಯಾಮೆರಾದ ದೃಶ್ಯ ದಾಖಲಿಸುವ ನಿಮ್ಮ ಡಿವಿಆರ್‌ನ ಲಾಗಿನ್ ಪುಟ ಊರಿಗೆಲ್ಲ ಕಾಣುತ್ತದೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಕಂಪನಿ ಕೊಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಡಿವಿಆರ್, ಕ್ಯಾಮೆರಾಗಳಿಗೆ ಟೆಲ್‌ನೆಟ್ ಎಂಬ ಹಳೆಯ ದೂರ-ಲಾಗಿನ್ ವ್ಯವಸ್ಥೆಯ ಪೋರ್ಟ್ 23ರಿಂದ ನುಗ್ಗಿ, ಅವುಗಳಿಂದಲೇ ದೊಡ್ಡ ಜಾಲತಾಣಗಳ ಮೇಲೆ ದಾಳಿ ಮಾಡಿಸಿತು.

ಹಾಗಾದರೆ ಮಂಗಳೂರಿನವರು ಬರುವುದು ಹೇಗೆ? ವಿಪಿಎನ್ ಹಾಕಿಸಿ, ಅದು ಇಂಟರ್ನೆಟ್ ಮೂಲಕವೇ ಅಂಗಡಿಯ ಜಾಲಕ್ಕೆ ಬರುವ ಗೂಢಲಿಪಿಯ ಖಾಸಗಿ ದಾರಿ. ವೈರ್‌ಗಾರ್ಡ್ ಎಂಬ ವಿಪಿಎನ್ ಆದರೆ ಸಾಮಾನ್ಯವಾಗಿ ಯುಡಿಪಿ 51820 ಒಂದೇ ಸಾಕು, ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಒಳಬಂದ ಮೇಲೆ ರಿಮೋಟ್ ಡೆಸ್ಕ್‌ಟಾಪ್, ಕ್ಯಾಮೆರಾ ಎರಡೂ ಎಂದಿನಂತೆ ನಡೆಯುತ್ತವೆ.

ರೂಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿಸಲು ಮರೆಯಬೇಡಿ, ಇಲ್ಲವಾದರೆ ಡಿವಿಆರ್ ತಾನೇ ಮತ್ತೆ ಪೋರ್ಟ್ ತೆರೆಸಿಕೊಳ್ಳಬಹುದು. ಇಷ್ಟು ಕಾಲ ತೆರೆದಿದ್ದ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಗುರುತಿಲ್ಲದ ಯೂಸರ್ ಖಾತೆ ಏನಾದರೂ ಸೇರಿದೆಯೇ ನೋಡಿ, ಪಾಸ್‌ವರ್ಡ್ ಬದಲಿಸಿ.