ಮುಖ ನೋಡಿದ್ರ ವಯಸ್ಸು ಗೊತ್ತಾಗೋದಿಲ್ಲೇನು?

ಬಸ್ ರಿಯಾಯಿತಿ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪತ್ರ. ಊರಿನ ಹೆಸರಷ್ಟೇ ಬೇರೆ. ಹಾಗಾಗಿ ಈ ಸಲ ಅದಕ್ಕೇ ಜಾಗ. ಉಳಿದವರಿಗೆ ಒಂದೆರಡು ಸಾಲು, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಅಪ್ಪಾರಿಗೆ 68 ವರ್ಷ. ದವಾಖಾನಿಗಂತ ವಾರಕ್ಕೊಮ್ಮೆ ಕೊಪ್ಪಳಕ್ಕ ಹೋಗ್ತಾರ. ಕಂಡಕ್ಟರ್ ಪೂರಾ ಟಿಕೆಟ್ ಹರೀತಾನ. ಕೇಳಿದ್ರ ‘ಆಧಾರ್‌ನ್ಯಾಗ 58 ಐತಿ’ ಅಂತಾನ. ಮುಖ ನೋಡಿದ್ರ ವಯಸ್ಸು ಗೊತ್ತಾಗೋದಿಲ್ಲೇನು?
— ಕುಷ್ಟಗಿ ತಾಲ್ಲೂಕಿನ ಓದುಗರು

ಗೊತ್ತಾಗುತ್ತದೆ. ಆದರೆ ಮುಖ ನೋಡಿ ರಿಯಾಯಿತಿ ಕೊಟ್ಟ ಕಂಡಕ್ಟರ್ ನಾಳೆ ತಪಾಸಣೆಯವರ ಮುಂದೆ ತಾನೇ ಉತ್ತರ ಹೇಳಬೇಕು. ಈ ವಿಷಯದಲ್ಲಿ ತಪ್ಪು ಅವರದಲ್ಲ, ಚೀಟಿಯದು.

60 ತುಂಬಿದ, ಕರ್ನಾಟಕದ ವಿಳಾಸ ಇರುವ ಗಂಡಸರಿಗೂ ಹೆಂಗಸರಿಗೂ ಮೂಲ ಪ್ರಯಾಣ ದರದಲ್ಲಿ ಶೇ 25 ಕಡಿತ. ಮೂಲ ದರ 80 ಇದ್ದರೆ 60. ಟೋಲ್ ಶುಲ್ಕ, ಅಪಘಾತ ಪರಿಹಾರ ನಿಧಿಯ ರೂಪಾಯಿಗೆ ಕಡಿತ ಇಲ್ಲ. ಲೆಕ್ಕದಲ್ಲಿ ಒಂದೆರಡು ರೂಪಾಯಿ ಹೆಚ್ಚು ಬಂದರೆ ‘ಮೋಸ’ ಎಂದು ಪತ್ರ ಬರೆಯುವವರು ದಯವಿಟ್ಟು ಇದನ್ನು ಎರಡು ಸಲ ಓದಿಕೊಳ್ಳಿ. ವಯಸ್ಸಿನ ಪುರಾವೆಗೆ ಆಧಾರೇ ಆಗಬೇಕೆಂದಿಲ್ಲ. ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಹಿರಿಯ ನಾಗರಿಕರ ಗುರುತಿನ ಚೀಟಿ, ಯಾವುದಾದರೂ ಒಂದು ಸಾಕು.

ನಮ್ಮ ಹಳ್ಳಿಗಳಲ್ಲಿ ಆಧಾರ್ ಮಾಡಿಸುವಾಗ ‘ಅಜ್ಜಾ, ಎಷ್ಟು ವಯಸ್ಸು?’ ಎಂದು ಕೇಳಿ ಅಂದಾಜಿಗೆ ಬರೆದದ್ದೇ ಹೆಚ್ಚು. ಜನವರಿ 1 ಎಂದೋ, ಬರೀ ‘ಹುಟ್ಟಿದ ವರ್ಷ’ ಎಂದೋ ಇರುವ ಕಾರ್ಡುಗಳನ್ನು ನೋಡಿ, ತಿಳಿಯುತ್ತದೆ. ಆದ್ದರಿಂದ ಮೊದಲು ಟ್ರಂಕಿನಲ್ಲಿರುವ ಹಳೇ ಮತದಾರರ ಚೀಟಿ ತೆಗೆಯಿರಿ. ಅದರಲ್ಲಿ ಹುಟ್ಟಿದ ತಾರೀಖಿನ ಬದಲು ‘1-1-1995ಕ್ಕೆ ವಯಸ್ಸು 38’ ಎಂಬಂಥ ಸಾಲು ಇರಬಹುದು. ಐವತ್ತು ಜನರಿಗೆ ಟಿಕೆಟ್ ಕೊಡುತ್ತಾ ಹೋಗುವ ಕಂಡಕ್ಟರ್ ನಿಂತು ಕೂಡಿಸುವ ಲೆಕ್ಕ ಅದಲ್ಲ. ನೀವೇ ಕೂಡಿಸಿ: 1995ರಲ್ಲಿ 38 ಎಂದರೆ 2017ರ ಜನವರಿ 1ಕ್ಕೆ 60. ಇದನ್ನು ಸಣ್ಣ ಚೀಟಿಯಲ್ಲಿ ದಪ್ಪಗೆ ಬರೆದು ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಕಾರ್ಡಿನ ಮೇಲೇ ಬಾಲ್‌ಪೆನ್ನಿನಲ್ಲಿ ಗೀಚುವ ಪುಣ್ಯಾತ್ಮರಿದ್ದಾರೆ. ಹಾಗೆ ಮಾಡಿದರೆ ತಿದ್ದಿದ ದಾಖಲೆ ಎಂದು ಅದನ್ನೂ ಪಕ್ಕಕ್ಕಿಡುತ್ತಾರೆ. ಫೋಟೊ ಮಾಸಿ ಗುರುತೇ ಸಿಗದಂತಿದ್ದರೆ ಮತಗಟ್ಟೆ ಅಧಿಕಾರಿಯ ಹತ್ತಿರ ನಮೂನೆ 8 ತುಂಬಿ ಹೊಸ ಕಾರ್ಡಿಗೆ ಕೊಡಿ.

ಬಸ್ಸಿನಲ್ಲಿ ಒಂದೇ ಕಾರ್ಡು ತೋರಿಸಿ. ಎರಡು ಕಾರ್ಡು, ಎರಡು ವಯಸ್ಸು ಎಂದರೆ ಜಗಳ ಖಚಿತ. ಇದು ಕಳ್ಳತನ ಅಲ್ಲ, ನಿಜವಾದ ವಯಸ್ಸಿರುವ ಚೀಟಿಯನ್ನೇ ತೋರಿಸುತ್ತಿದ್ದೀರಿ. ಝೆರಾಕ್ಸ್ ನಂಬಿಕೊಂಡು ಬಸ್ಸು ಹತ್ತಬೇಡಿ.

ಆಧಾರ್ ತಿದ್ದಿಸಬೇಕೆ? ಬರೀ ಬಸ್ಸಿನ ಇಪ್ಪತ್ತು ರೂಪಾಯಿಗಾಗಿಯಾದರೆ ಬೇಡ ಎನ್ನುತ್ತೇನೆ. ಹುಟ್ಟಿದ ತಾರೀಖು ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್‌ನಂಥ ದಾಖಲೆ ಕೇಳುತ್ತಾರೆ. ಶಾಲೆ ಮೆಟ್ಟಿಲೇ ಹತ್ತದವರು ತಡವಾದ ಜನನ ನೋಂದಣಿಗೆ ಆದೇಶ ತರಬೇಕು, ಅದಕ್ಕೆ ಅಲೆದಾಟ ಬಹಳ. ಆದರೆ ಸಂಧ್ಯಾ ಸುರಕ್ಷಾ ಪಿಂಚಣಿಯೂ ಇದೇ ಕಾರಣಕ್ಕೆ ನಿಂತಿದ್ದರೆ ಆ ಅಲೆದಾಟ ಮಾಡಲೇಬೇಕು, ಅಲ್ಲಿ 65 ತುಂಬಿರಬೇಕು. ‘ಎರಡು ಸಾವಿರ ಕೊಡ್ರಿ, ನಾಳೇನ ಬದಲಾಗತೈತಿ’ ಎನ್ನುವ ದಲ್ಲಾಳಿಯ ಕೈಗೆ ಮಾತ್ರ ಕಾರ್ಡು ಕೊಡಬೇಡಿ. ಅವನು ಯಾರದೋ ಸುಳ್ಳು ಪ್ರಮಾಣಪತ್ರ ಏರಿಸುತ್ತಾನೆ. ಇದ್ದ ಒಂದು ಅವಕಾಶ ಹೋಗುತ್ತದೆ, ಮುಂದೆ ಪಿಂಚಣಿ ದಾಖಲೆಗೂ ಆಧಾರ್‌ಗೂ ತಾಳೆ ಬೀಳದೆ ಕಚೇರಿಗೆ ತಿರುಗುವವರು ಅಪ್ಪನವರು, ಅವನಲ್ಲ.

ಇನ್ನು ಬಸ್ಸಿನೊಳಗಿನ ಮಾತು. ಊರಿನ ಹೆಸರಿಗಿಂತ ಮೊದಲು ‘ಸೀನಿಯರ್ ಸಿಟಿಜನ್’ ಅನ್ನಬೇಕು, ಕಾರ್ಡು ಆಗಲೇ ಕೈಯಲ್ಲಿರಬೇಕು. ನಮ್ಮ ಯಜಮಾನರು ಮಾಡುವುದು ಉಲ್ಟಾ: ನೂರರ ನೋಟು ಚಾಚಿ ‘ಕೊಪ್ಪಳ’ ಅನ್ನುತ್ತಾರೆ, ಯಂತ್ರದಿಂದ ಟಿಕೆಟ್ ಹೊರಬಿದ್ದ ಮೇಲೆ ಅಂಗಿಯ ಒಳಜೇಬಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಆ ಟಿಕೆಟ್ ವೇಬಿಲ್ ಲೆಕ್ಕಕ್ಕೆ ಸೇರಿರುತ್ತದೆ, ವ್ಯತ್ಯಾಸ ವಾಪಸ್ ಕೊಡಬೇಕೆಂದರೆ ಕಂಡಕ್ಟರ್ ತನ್ನ ಜೇಬಿನಿಂದ ಕೊಡಬೇಕು. ಸಿಟ್ಟು ಬರದೆ ಇನ್ನೇನು?

ಟಿಕೆಟ್ ಕೈಗೆ ಬಂದ ಕೂಡಲೇ ಮೊತ್ತ ನೋಡಿ, ಕಣ್ಣು ಮಂಜಾಗಿದ್ದರೆ ಪಕ್ಕದ ಹುಡುಗನಿಗೆ ಓದಲು ಹೇಳಿ. ಸರಿಯಾದ ಕಾರ್ಡು ತೋರಿಸಿಯೂ ಪೂರಾ ದುಡ್ಡು ತೆಗೆದುಕೊಂಡರೆ ಟಿಕೆಟ್ ಬಿಸಾಡದೆ ಅವತ್ತೇ ಫೋಟೊ ತೆಗೆಯಿಸಿ. ಆ ನುಣುಪು ಕಾಗದದ ಅಕ್ಷರ ಬೆವರಿದ ಜೇಬಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಟಿಕೆಟ್ ಸಂಖ್ಯೆ, ಬಸ್ಸಿನ ಸಂಖ್ಯೆ, ಹೊತ್ತು ಬರೆದು ಡಿಪೊ ಮ್ಯಾನೇಜರ್‌ಗೆ ಕೊಡಿ. ಅಲ್ಲಿ ಆಗದಿದ್ದರೆ ಕೊಪ್ಪಳದ ವಿಭಾಗೀಯ ನಿಯಂತ್ರಣಾಧಿಕಾರಿಗೆ. ‘ಒಬ್ಬ ಕಂಡಕ್ಟರ್, ಕಪ್ಪಗಿದ್ದ’ ಎಂಬ ದೂರಿನಿಂದ ಏನೂ ಆಗುವುದಿಲ್ಲ.

ಹಿರಿಯರ ಬಸ್ ಪಾಸ್ ಮಾಡಿಸಿಕೊಡ್ತೀವಿ ಅಂತ ಊರಿಗೆ ಬಂದಾರ, 300 ರೂಪಾಯಿ ಕೇಳ್ತಾರ.
— ಸಿಂಧನೂರು

ಕಳಿಸಿಬಿಡಿ. ಶೇ 25ರ ರಿಯಾಯಿತಿಗೆ ಪಾಸೇ ಬೇಕಿಲ್ಲ. ಹಿರಿಯ ನಾಗರಿಕರ ಗುರುತಿನ ಚೀಟಿ ಬೇಕಿದ್ದರೆ ಗ್ರಾಮ ಒನ್‌ನಲ್ಲಿ ಸೇವಾಸಿಂಧು ಮೂಲಕ ಅರ್ಜಿ ಹಾಕಿ. ರಕ್ತದ ಗುಂಪಿನ ವರದಿ ಮೊದಲೇ ಮಾಡಿಸಿಕೊಂಡು ಹೋಗಿ, ಅದಿಲ್ಲದೆ ವಾಪಸ್ ಬರುವವರೇ ಜಾಸ್ತಿ. ಆಧಾರ್‌ನಲ್ಲಿ ವಯಸ್ಸು ತಪ್ಪಿದ್ದರೆ ಈ ಚೀಟಿಯಿಂದ ಅದು ಸರಿಯಾಗುತ್ತದೆ ಎಂದು ಮಾತ್ರ ತಿಳಿಯಬೇಡಿ.

60 ದಾಟಿದ ಗಂಡಸರಿಗೂ ಬಸ್ ಫ್ರೀ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ.
— ಮಾನ್ವಿ

ಬರುತ್ತಲೇ ಇರುತ್ತದೆ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಲ್ಲಿ ಗಂಡಸರಿಲ್ಲ. ಆ ಲಿಂಕ್ ಒತ್ತಬೇಡಿ.

ಅವ್ವಗ ಶಕ್ತಿ ಐತಿ. ಜತಿಗೆ ಹಿರಿಯರ ರಿಯಾಯಿತಿನೂ ಸಿಗತೈತೇನು?
— ಯಲಬುರ್ಗಾ

ಸೊನ್ನೆಯಲ್ಲಿ ಕಾಲು ಭಾಗ ಕಳೆದು ನೋಡಿ. ಆದರೆ ಸೊನ್ನೆ ಟಿಕೆಟ್ ತೆಗೆದುಕೊಳ್ಳಲೇಬೇಕು, ಇಳಿಯುವತನಕ ಕೈಯಲ್ಲಿರಬೇಕು. ‘ಫ್ರೀ ಐತಲ್ಲ, ಚೀಟಿ ಯಾಕ’ ಎಂದವರಿಗೇ ದಂಡ ಬೀಳುವುದು. ಆ ಚೀಟಿಯ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡುತ್ತದೆ.

ರಾಯಚೂರಿನಿಂದ ಮಂತ್ರಾಲಯಕ್ಕೆ ಅಜ್ಜಿ ಫ್ರೀಯಾಗಿ ಹೋಗಬಹುದೇ?

ಇಲ್ಲ. ಮಂತ್ರಾಲಯ ಆಂಧ್ರದಲ್ಲಿದೆ, ಶಕ್ತಿ ಅಂತರರಾಜ್ಯ ಬಸ್ಸಿಗೆ ಇಲ್ಲ. ದುಡ್ಡು ಇಟ್ಟುಕೊಂಡೇ ಹೊರಡಲಿ.

ಆದೋನಿಗೆ ಮದುವೆಯಾಗಿ ಹೋದ ಅಕ್ಕ ಬಳ್ಳಾರಿಗೆ ಬಂದಾಗ?
— ಸಿರುಗುಪ್ಪ

ಆಧಾರ್ ಎಲ್ಲಿಯದೋ ಸೌಲಭ್ಯವೂ ಅಲ್ಲಿಯದೇ. ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಸ್ತ್ರೀ ಶಕ್ತಿ ಇದೆ, ಅಲ್ಲಿ ಬಳಸಲಿ.

ಮೊಣಕಾಲು ನೋವಿಗೆ ಅಂಗವಿಕಲರ ಪಾಸ್ ಸಿಗುತ್ತದೆಯೇ?
— ಸಂಡೂರು

ವಯಸ್ಸಿನ ನೋವೆಲ್ಲ ಅಂಗವೈಕಲ್ಯ ಅಲ್ಲ. ವೈದ್ಯರು ಶೇ 40 ಅಥವಾ ಹೆಚ್ಚು ಎಂದು ಬರೆದುಕೊಟ್ಟ ಕಾರ್ಡು ಇದ್ದರೆ ಅರ್ಜಿ ಹಾಕಿ.

ರೈಲಿನಲ್ಲಿ ಹಿರಿಯರ ರಿಯಾಯಿತಿ?
— ಹಲವರು

2020ರ ಮಾರ್ಚ್‌ನಲ್ಲೇ ನಿಲ್ಲಿಸಿದ್ದಾರೆ.

ಟಂಟಂನವರು ರಿಯಾಯಿತಿ ಕೊಡೋದಿಲ್ಲ. ಯಾರಿಗೆ ದೂರು ಕೊಡಬೇಕು?
— ಲಿಂಗಸುಗೂರು

ಯಾರಿಗೂ ಬೇಡ. ಸರ್ಕಾರಿ ಬಸ್ಸು ಬರುವತನಕ ಕಾಯಿರಿ.