ಸಂಪಾದಕರ ಉತ್ತರ: ಸಿಂಗೀತಂ ಅವರ ಛಾಪು ಎಲ್ಲಿದೆ?

ಮಾನ್ಯ ಓದುಗರೇ,

ಸಿಂಗೀತಂ ಶ್ರೀನಿವಾಸರಾವ್ ಅವರನ್ನು ದಕ್ಷಿಣದ ಅತ್ಯುತ್ತಮ ನಿರ್ದೇಶಕರ ಸಾಲಿನಲ್ಲಿ ಸೇರಿಸಿದ್ದಕ್ಕೆ ತಾವು ಆಕ್ಷೇಪ ಎತ್ತಿದ್ದೀರಿ. ಎಲ್ಲ ಬಗೆಯ ಚಿತ್ರಗಳಿಗೂ ಕೈ ಹಾಕಿದವರಿಗೆ ತಮ್ಮದೇ ಎನ್ನುವ ಛಾಪು ಇರುವುದಿಲ್ಲ, ‘ಪುಷ್ಪಕ ವಿಮಾನ’ ಬಿಟ್ಟರೆ ಇನ್ನೇನಿದೆ, ರಾಜ್‌ಕುಮಾರ್ ಚಿತ್ರಗಳಲ್ಲಂತೂ ನಿರ್ದೇಶಕ ಕಾಣುವುದೇ ಇಲ್ಲ ಎಂಬುದು ತಮ್ಮ ವಾದ. ಕಾಲೇಜು ಓದುವ ಮಗಳಿಗೆ ಯಾವುದನ್ನು ಮೊದಲು ತೋರಿಸಲಿ ಎಂದೂ ಕೇಳಿದ್ದೀರಿ.

ಛಾಪು ಇದೆ. ಅದನ್ನು ಕಥೆಯ ಬಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಷ್ಟೆ. 1981ರ ‘ರಾಜ ಪಾರ್ವೈ’ಯ ನಾಯಕ ಕಣ್ಣಿಲ್ಲದ ಪಿಟೀಲು ವಾದಕ. 1985ರ ‘ಮಯೂರಿ’ಯಲ್ಲಿ ಅಪಘಾತದಲ್ಲಿ ಕಾಲು ಕಳೆದುಕೊಂಡು, ‘ಜೈಪುರ ಕಾಲು’ ಎಂಬ ಕೃತಕ ಕಾಲು ತೊಟ್ಟು ಮತ್ತೆ ರಂಗಕ್ಕೆ ಬಂದ ನೃತ್ಯಗಾತಿ ಸುಧಾ ಚಂದ್ರನ್ ತಮ್ಮ ಬದುಕನ್ನೇ ತಾವು ಅಭಿನಯಿಸಿದರು. 1987ರ ‘ಪುಷ್ಪಕ ವಿಮಾನ’ದಲ್ಲಿ ಮಾತಿಲ್ಲ. 1989ರ ‘ಅಪೂರ್ವ ಸಹೋದರರ್‌ಗಳ್’ನಲ್ಲಿ ಕಮಲ್‌ಹಾಸನ್ ಕುಳ್ಳ ಅಪ್ಪು. ಯಾವುದನ್ನು ನಂಬಿ ಚಿತ್ರ ನಿಲ್ಲಬೇಕೋ ಅದನ್ನೇ ತೆಗೆದಿಟ್ಟು ಆಮೇಲೆ ಕೆಲಸಕ್ಕೆ ಕೂರುವುದು ಅವರ ರೀತಿ.

‘ಪುಷ್ಪಕ ವಿಮಾನ’ವನ್ನು ಮೂಕಿ ಎಂದು ಕರೆದು ಸುಮ್ಮನಾಗುವವರೇ ಹೆಚ್ಚು. ನನಗೆ ಅದು ಸದ್ದಿನ ಚಿತ್ರ. ಸಿನಿಮಾ ಟಾಕೀಸಿನ ಪಕ್ಕದ ಕೋಣೆಯಲ್ಲಿ ಹೊಡೆದಾಟ, ಕೂಗಾಟ ಕೇಳುತ್ತಲೇ ಮಲಗಿ ಅಭ್ಯಾಸವಾದ ನಿರುದ್ಯೋಗಿ ಹುಡುಗ, ಅದೃಷ್ಟ ಖುಲಾಯಿಸಿ ಐಷಾರಾಮಿ ಹೋಟೆಲಿಗೆ ಬಂದರೆ ನಿದ್ದೆಯೇ ಹತ್ತುವುದಿಲ್ಲ. ಕೊನೆಗೆ ಹಳೆಯ ಕೋಣೆಗೆ ಹೋಗಿ ಆ ಗದ್ದಲವನ್ನು ಟೇಪ್ ಮಾಡಿಕೊಂಡು ಬಂದು, ಅದನ್ನು ಹಾಕಿಕೊಂಡು ನಿದ್ದೆ ಮಾಡುತ್ತಾನೆ. ಬಡವ ಶ್ರೀಮಂತನ ಹಾಸಿಗೆಯಲ್ಲಿ ಮಲಗಿದರೂ ಬಡವನೇ ಎಂಬುದನ್ನು ಸಂಭಾಷಣೆಯಲ್ಲಿ ಹೇಳಿಸಿದ್ದರೆ ಭಾಷಣವಾಗುತ್ತಿತ್ತು. ಇಲ್ಲಿ ನಗು ಮೊದಲು ಬರುತ್ತದೆ, ಸಂಕಟ ಆಮೇಲೆ. ಭಿಕ್ಷುಕ ಸತ್ತಾಗ ಜನ ಅವನ ಹೆಣ ಬಿಟ್ಟು ಅವನ ದುಡ್ಡಿಗೆ ಮುಗಿಬೀಳುವ ದೃಶ್ಯವಂತೂ ಎಷ್ಟು ಸಲ ನೋಡಿದರೂ ಎದೆ ಹಿಂಡುತ್ತದೆ. ಬಿ.ಸಿ. ಗೌರಿಶಂಕರ್ ಅವರ ಕ್ಯಾಮೆರಾ, ಎಲ್. ವೈದ್ಯನಾಥನ್ ಅವರ ಸಂಗೀತ, ಜೊತೆ ನಿಂತು ನಿರ್ಮಿಸಿದ ಶೃಂಗಾರ್ ನಾಗರಾಜ್, ಚಿತ್ರೀಕರಣ ನಡೆದ ಬೆಂಗಳೂರು: ಇದರಲ್ಲಿ ನಮ್ಮವರ ಪಾಲು ದೊಡ್ಡದು.

ಇನ್ನು ರಾಜ್ ಚಿತ್ರಗಳು. 1982ರಲ್ಲೇ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಎರಡೂ ಬಂದವು. ‘ಹಾಲು ಜೇನು’ವಿನ ಹೆಂಡತಿಗೆ ಕ್ಯಾನ್ಸರ್. ಕಣ್ಣೀರು ಸುರಿಸಲು ಇದಕ್ಕಿಂತ ಸುಲಭದ ಕಥೆ ಬೇಕೆ? ಆದರೆ ಸಿಂಗೀತಂ ಅಳುವನ್ನು ತಡೆಹಿಡಿದು ಗಂಡ ಹೆಂಡಿರ ಸಲಿಗೆ, ಸರಸಕ್ಕೆ ಜಾಗ ಬಿಡುತ್ತಾರೆ. ಜಿ.ಕೆ. ವೆಂಕಟೇಶ್ ಹಾಡುಗಳು ಅದೇ ದಾರಿಯಲ್ಲಿ ನಡೆಯುತ್ತವೆ. ರಾಜ್, ಮಾಧವಿ ಇಬ್ಬರೂ ಎಷ್ಟು ಹಗುರವಾಗಿ ಅಭಿನಯಿಸಿದ್ದಾರೆಂದರೆ ನಿರ್ದೇಶಕ ಕಾಣುವುದಿಲ್ಲ ಎಂದು ತಮಗೆ ಅನಿಸಿದ್ದು ಸಹಜ. ನನ್ನ ಕಣ್ಣಿಗೆ ಅದೇ ನಿರ್ದೇಶನ. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ಕ್ಕೆ ಅವರೇ ಸಂಗೀತವನ್ನೂ ಕೊಟ್ಟರು. ಶಿವರಾಜ್‌ಕುಮಾರ್ ನಾಯಕನಾಗಿ ಬಂದ ‘ಆನಂದ್’ ಕೂಡ ಅವರದೇ.

ಎಲ್ಲವೂ ಶ್ರೇಷ್ಠ ಎನ್ನಲಾರೆ. ‘ಶ್ರಾವಣ ಬಂತು’ ಹಾಡುಗಳಿಲ್ಲದಿದ್ದರೆ ಇಷ್ಟು ದಿನ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಆದರೆ ‘ಮಾಯಾಬಜಾರ್’ ಮಾಡಿದ ಕೆ.ವಿ. ರೆಡ್ಡಿ ಅವರ ಬಳಿ ಪಳಗಿದವರಿಗೆ ಪುರಾಣ, ಜಾನಪದ, ಸಾಮಾಜಿಕ ಎಂಬ ಗೋಡೆಗಳೇ ಇರಲಿಲ್ಲ. 1991ರ ‘ಆದಿತ್ಯ 369’ರಲ್ಲಿ ಕಾಲಯಂತ್ರ ಹತ್ತಿಸಿ ಕೃಷ್ಣದೇವರಾಯನ ಆಸ್ಥಾನಕ್ಕೆ ಕರೆದೊಯ್ದವರು, ಮೂರೇ ವರ್ಷದಲ್ಲಿ ‘ಭೈರವ ದ್ವೀಪಂ’ ಎಂಬ ಅಪ್ಪಟ ಅಜ್ಜಿಕಥೆ ತೆಗೆದರು.

ಮಗಳಿಗೆ ‘ಪುಷ್ಪಕ ವಿಮಾನ’ದಿಂದಲೇ ಶುರು ಮಾಡಿ. ಫೋನು ಬದಿಗಿಟ್ಟು ನೋಡಲು ಹೇಳಿ, ಕಿವಿ ತೆರೆದಿರಲಿ. ಆಮೇಲೆ ‘ಮಯೂರಿ’. ‘ಹಾಲು ಜೇನು’ವನ್ನು ಮಾತ್ರ ತಾವೂ ಜೊತೆಗೆ ಕೂತು ನೋಡಿ, ರಾಜ್ ಚಿತ್ರಗಳ ಬಗ್ಗೆ ತಮ್ಮ ಅಭಿಪ್ರಾಯ ಹಾಗೇ ಉಳಿದರೆ ಮತ್ತೆ ಬರೆಯಿರಿ, ಆ ಪತ್ರವನ್ನೂ ಪ್ರಕಟಿಸುತ್ತೇವೆ.

– ಸಂಪಾದಕ